ಕೊರಳಪಟ್ಟಿಯ ಕೆಂಪು ನೂಲು

ಲೋವೆಲ್, ಮ್ಯಾಸಚೂಸೆಟ್ಸ್
5 ನವೆಂಬರ್ 2006

ಕಿಮ್ಲಿಯಾಂಗ್ ಚಿಕ್ಕಮ್ಮನವರಿಗೆ ಥಾವ್ರಿ ಮಾಡುವ ನಮಸ್ಕಾರಗಳು.

ಹೆಸರು ಹೇಳಿದರೆ ನಿಮಗೆ ನೆನಪಾಗಲಿಕ್ಕಿಲ್ಲ. ಥಾಯ್ ಗಡಿಯ ಖಾವ್-ಇ-ಡಾಂಗ್ ನಿರಾಶ್ರಿತರ ಶಿಬಿರದಲ್ಲಿ ನಿಮ್ಮ ಹೊಲಿಗೆಯ ಬಿಡಾರದ ಹಿಂದಿನ ಸಾಲಿನಲ್ಲಿದ್ದೆ. ನೀರಿನ ಟ್ಯಾಂಕರು ಬಂದಾಗ ಎಲ್ಲರಿಗಿಂತ ಮೊದಲು ಓಡಿ, ಎಲ್ಲರಿಗಿಂತ ಕೊನೆಗೆ ಬಕೆಟ್ ತುಂಬಿಸಿಕೊಳ್ಳುತ್ತಿದ್ದ ಹುಡುಗಿ ಎಂದರೆ ನೆನಪಾದೀತು. 1981ರಲ್ಲಿ ನನ್ನ ಮದುವೆಗೆ ನಿಮ್ಮ ಬಿಳಿ ಲೇಸಿನ ರವಿಕೆ ತೊಡಿಸಿ, ಫೋಟೋದವನ ಮುಂದೆ ನಿಲ್ಲಿಸಿ, ಕೂದಲನ್ನೆಲ್ಲ ಹಿಂದಕ್ಕೆ ಎಳೆದು ಕಟ್ಟಿ, "ಕತ್ತು ಎತ್ತೇ, ಕೊರಳಪಟ್ಟಿ ಕಾಣ್ಬೇಕು. ಮುಖ ಹೆಂಗಾದ್ರೂ ಇರ್ಲಿ" ಅಂದಿದ್ದಿರಿ. ಆ ಮಾತಿಗೆ ನನ್ನ ಗಂಡ ವರ್ಷಗಟ್ಟಲೆ ನಕ್ಕ. ಆಮೇಲೆ ಅವನು ಇನ್ನೊಬ್ಬಳ ಜೊತೆ ಫ್ಲೋರಿಡಾಕ್ಕೆ ಹೋದ, ಆ ಕಥೆ ಬೇರೆ.

ಈಗ ವಿಷಯಕ್ಕೆ ಬರುತ್ತೇನೆ. ನಾನು ಹಗಲು ಒಂದು ಕಾರ್ಖಾನೆಯಲ್ಲಿ ತಂತಿ ಬೆಸೆಯುವ ಕೆಲಸ ಮಾಡುತ್ತೇನೆ. ಉಳಿದ ಹೊತ್ತಿನಲ್ಲಿ ನಾವು ನಾಲ್ಕೈದು ಜನ ಸೇರಿ, ಹಳೆಯ ಗಿರಣಿಯೊಂದರ ನೆಲಮಹಡಿಯ ಕೋಣೆಯಲ್ಲಿ ನಮ್ಮ ಜನರ ಪ್ರದರ್ಶನ ನಡೆಸುತ್ತೇವೆ. ಮೊದಲ ವರ್ಷ ಊರಿನಿಂದ ಹೊತ್ತು ತಂದ ಪಾತ್ರೆ ಪಡಗ, ಚಮಚಗಳನ್ನು ಇಟ್ಟೆವು. ಎರಡನೇ ವರ್ಷ ತೀರಿಕೊಂಡವರ ಚಿತ್ರ. ಅದನ್ನು ನೋಡಿ ಹೋದ ಒಬ್ಬ ಹುಡುಗಿ ಮನೆಗೆ ಹೋಗಿ ಅಜ್ಜಿಯನ್ನು ಕೇಳಿದಳಂತೆ, "ಅಲ್ಲಿ ಯಾರೂ ಬದುಕೇ ಇರ್ಲಿಲ್ವಾ?" ಆ ಪ್ರಶ್ನೆ ನನ್ನ ತಲೆಯಿಂದ ಇಳಿಯಲೇ ಇಲ್ಲ. ಮಕ್ಕಳಿಗೆ ನಾವು ಸಾವಿನ ಸುದ್ದಿ ಹೇಳಿದ್ದೇ ಹೆಚ್ಚಾಯಿತು. ಅದಕ್ಕೇ ಈ ಸಲ ಶಿಬಿರದ ಮದುವೆಗಳು. ಏಪ್ರಿಲ್‌ನಲ್ಲಿ, ನಮ್ಮ ಹೊಸವರ್ಷದ ದಿನ, ಶುರು.

ಮನೆಮನೆಗೂ ಹೋಗಿ ಮದುವೆಯ ಫೋಟೋ ಕೇಳಿ ತಂದೆ. ತಂದು ಮೇಜಿನ ಮೇಲೆ ಹರಡಿದರೆ, ಚಿಕ್ಕಮ್ಮ, ಮದುಮಗಳು ಬೇರೆ ಬೇರೆ, ರವಿಕೆ ಒಂದೇ. ಎಲ್ಲದರಲ್ಲೂ ನಿಮ್ಮದೇ. ನಾನೊಬ್ಬಳೇ ಅದೃಷ್ಟವಂತೆ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ.

ಆ ರವಿಕೆ ಇನ್ನೂ ಇದೆಯೇ? ಇದ್ದರೆ ದಯವಿಟ್ಟು ಪ್ರದರ್ಶನಕ್ಕೆ ಕೊಡಿ. ಗಾಜಿನ ಪೆಟ್ಟಿಗೆಯಲ್ಲಿ ಕೋಣೆಯ ನಡುವೆ ಇಡುತ್ತೇವೆ, ಸುತ್ತಲೂ ಫೋಟೋ. ನನ್ನ ಸೋದರತ್ತೆಯ ಮಗ ವಾನ್ನಾಕ್ ಜನವರಿಯಲ್ಲಿ ಬಟ್ಟಂಬಾಂಗಿಗೆ ಬರುತ್ತಾನೆ. ಅವನ ಕೈಯಲ್ಲಿ ಕಳಿಸಬಹುದು. ಅದು ಎಲ್ಲಿಂದ ಬಂತು, ನಿಮಗೆ ಹೇಗೆ ಸಿಕ್ಕಿತು ಎಂದು ನಾಲ್ಕು ಸಾಲು ಬರೆದುಕೊಟ್ಟರೆ ಅದನ್ನೂ ಅಲ್ಲೇ ಹಾಕುತ್ತೇವೆ.

ನಿಮ್ಮ
ಥಾವ್ರಿ

*

ಬಟ್ಟಂಬಾಂಗ್
19 ಡಿಸೆಂಬರ್ 2006

ಥಾವ್ರಿಗೆ ಕಿಮ್ಲಿಯಾಂಗ್ ಮಾಡುವ ಆಶೀರ್ವಾದ.

ನೆನಪಿಲ್ಲದೆ ಏನು? ಬಕೆಟ್ಟಿನವಳು. ಸೊಂಟ ಇಲ್ಲದ ಹುಡುಗಿ, ರವಿಕೆ ಹಿಂದೆ ಪಿನ್ನು ಹಾಕಿ ಬಿಗಿಮಾಡಬೇಕಾಗಿ ಬಂದಿತ್ತು. ಈಗ ಅಮೆರಿಕದ ಊಟಕ್ಕೆ ಸೊಂಟ ಬಂದಿರಬೇಕು. ಗಂಡ ಹೋದದ್ದು ಕೇಳಿ ಬೇಜಾರಾಯಿತು. ಮದುವೆಯ ದಿನವೇ ಅವನು ಫೋಟೋದವನ ಕಡೆ ನೋಡದೆ ಪಕ್ಕದ ಸಾಲಿನ ಕಡೆ ನೋಡುತ್ತಿದ್ದ. ಆಗಲೇ ಅಂದುಕೊಂಡೆ, ಹೇಳಲಿಲ್ಲ.

ನಾನು ಚೆನ್ನಾಗಿದ್ದೇನೆ. ಸಂಗ್ಕೇ ಹೊಳೆಯ ಹತ್ತಿರ ಮನೆ. ಮನೆಯ ಕೆಳಗೆ, ಕಂಬಗಳ ನಡುವೆ ಮಿಷನ್ನು ಇಟ್ಟುಕೊಂಡು ಶಾಲೆಯ ಮಕ್ಕಳ ಬಿಳಿ ಅಂಗಿ ಹೊಲಿಯುತ್ತೇನೆ. ಸೂಜಿಗೆ ನೂಲು ಪೋಣಿಸಲು ಎರಡು ಕನ್ನಡಕ ಬೇಕು, ಅಷ್ಟೇ.

ನೀನು ಕೇಳಿದ ರವಿಕೆ ಇಲ್ಲ. ಇಲಿ ತಿಂದು ಬಹಳ ವರ್ಷವಾಯಿತು. ಅದರ ಬಗ್ಗೆ ಬರೆಯುವಂಥದ್ದೂ ಏನಿಲ್ಲ. ಥಾಯ್ ವ್ಯಾಪಾರಿಯೊಬ್ಬನಿಂದ ಕೊಂಡದ್ದು, ಎಲ್ಲರಿಗೂ ಆಗಲೇ ಹೇಳಿದ್ದೆ. ಇದ್ದ ಒಂದನ್ನು ಇಲ್ಲದವರಿಗೆ ಕೊಟ್ಟೆ. ಅದಕ್ಕೆ ಗಾಜಿನ ಪೆಟ್ಟಿಗೆ ಯಾಕೆ?

ಆದರೆ ಫೋಟೋಗಳ ವಿಷಯ ಬರೆದದ್ದು ಒಳ್ಳೆಯದಾಯಿತು. ಕೆಲವು ಕೇಳುತ್ತೇನೆ, ಬಿಡದೆ ಉತ್ತರ ಬರಿ. ಈ ಹುಡುಗಿಯರು ಆಗ ಫೋಟೋವನ್ನು ಬೇರೆ ಊರಿನ ನೆಂಟರಿಗೆ ಕಳಿಸಿದ್ದರೇ? ಫ್ರಾನ್ಸಿಗೆ ಎಷ್ಟು ಹೋದವು, ಆಸ್ಟ್ರೇಲಿಯಾಕ್ಕೆ ಹೋದವೇ? ಪ್ರದರ್ಶನಕ್ಕೆ ಬೇರೆ ಊರುಗಳ ನಮ್ಮವರೂ ಬರುತ್ತಾರೆಯೇ? ಪರ್ಸತ್ ಕಡೆ ಕಾಲುವೆ ತೋಡಲು ಹೋದವರು ಯಾರಾದರೂ ನಿನ್ನ ಊರಿನಲ್ಲಿದ್ದಾರೆಯೇ? ಮತ್ತೆ, ಚಿತ್ರ ಗೋಡೆಗೆ ಹಾಕುವಾಗ ಚೌಕಟ್ಟು ಕೊರಳಪಟ್ಟಿಯನ್ನು ಮುಚ್ಚದ ಹಾಗೆ ಹಾಕಿಸು. ಹೊಲಿದವರ ಕೆಲಸ ಕಾಣುವುದು ಅಲ್ಲಿಯೇ.

ಒಂದೆರಡು ಪ್ರತಿ ನನಗೂ ಕಳಿಸು.

ಕಿಮ್ಲಿಯಾಂಗ್

*

ಲೋವೆಲ್
28 ಜನವರಿ 2007

ಚಿಕ್ಕಮ್ಮ,

ನಿಮ್ಮ ಪತ್ರ ಓದಿ ನಕ್ಕೆ. ಸೊಂಟ ಬಂದಿದೆ, ಬೇಕಾದ್ದಕ್ಕಿಂತ ಹೆಚ್ಚೇ ಬಂದಿದೆ.

ನಿಮ್ಮ ಪ್ರಶ್ನೆಗಳನ್ನೆಲ್ಲ ಇಲ್ಲಿಯವರ ಹತ್ತಿರ ಕೇಳಲು ಹೊತ್ತು ಸಿಗಲಿಲ್ಲ. ಇಲ್ಲಿ ಜಗಳ ಬಿಡಿಸುವುದೇ ಕೆಲಸವಾಗಿದೆ. ರವಿಕೆ ಒಂದೇ ಎಂದು ನಾನು ಬಾಯಿ ಬಿಟ್ಟದ್ದೇ ತಪ್ಪಾಯಿತು. ಹುವೋಯ್ ನೆನಪಿದ್ದಾಳಲ್ಲ, ಅಕ್ಕಿ ಹಂಚುವಲ್ಲಿ ಸಾಲು ಮುರಿಯುತ್ತಿದ್ದವಳು? ಅವಳ ಗಂಡ ಇಂದಿಗೂ ಸಂಜೆ ಅವಳ ಕಾಲು ಒತ್ತುತ್ತಾನೆ. ಅವಳು ಮೊಮ್ಮಕ್ಕಳಿಗೆಲ್ಲ, ಈ ರವಿಕೆ ನಾಮ್ ಪೆನ್ನಿನ ನಮ್ಮಮ್ಮನದು, ಸೊಂಟಕ್ಕೆ ಕಟ್ಟಿಕೊಂಡು ಗಡಿ ದಾಟಿಸಿದೆ ಎಂದು ಹೇಳಿಟ್ಟಿದ್ದಾಳೆ. ಇನ್ನೊಬ್ಬಳು ತನ್ನ ಅತ್ತೆಯದು ಅನ್ನುತ್ತಾಳೆ. ಇಬ್ಬರೂ ಸಭೆಗೆ ಬಂದು ಮುಖ ತಿರುಗಿಸಿ ಕೂತರು. ಹುವೋಯ್ ನನ್ನನ್ನು ಮೂಲೆಗೆ ಕರೆದು, "ಎರವಲು ಅಂತ ಗೋಡೆ ಮೇಲೆ ಬರೀಬೇಡ್ವೇ ಮಾರಾಯ್ತಿ, ಮೊಮ್ಮಕ್ಕಳ ಮುಂದೆ ನನ್ನ ಮರ್ಯಾದೆ ಏನಾಗ್ಬೇಕು" ಅಂದಳು. ಅವಳ ಕಣ್ಣಲ್ಲಿ ನೀರಿತ್ತು.

ಫೋಟೋಗಳನ್ನು ಸ್ಟುಡಿಯೋದ ವುತ್ಥಿ ಚೊಕ್ಕ ಮಾಡಿಕೊಟ್ಟಿದ್ದಾನೆ. ನಮ್ಮವರ ಅಭ್ಯಾಸ ನಿಮಗೆ ಗೊತ್ತಲ್ಲ, ಹಳೆಯ ಚಿತ್ರವನ್ನು ಇದ್ದ ಹಾಗೆ ಗೋಡೆಗೆ ಹಾಕಿದರೆ ಬಡತನವನ್ನು ಊರಿಗೆಲ್ಲ ತೋರಿಸಿದಂತೆ. ಅರ್ಧದಷ್ಟು ಜನ ಯಾವತ್ತೋ ಬಂಗಾರದ ಸರ ಬರೆಸಿಕೊಂಡಿದ್ದರು. ಕೆಲವರು ಶಿಬಿರದ ಬಿದಿರಿನ ತಟ್ಟಿ ಅಳಿಸಿ ಹಿಂದೆ ಆಂಗ್ಕೋರ್ ಗುಡಿಯನ್ನೇ ನಿಲ್ಲಿಸಿದ್ದಾರೆ. ಉಳಿದವುಗಳ ಕಲೆ, ಗೀರುಗಳನ್ನೂ ಅವನು ತೆಗೆದಿದ್ದಾನೆ. ರವಿಕೆಗಳು ಹಾಲಿನ ಹಾಗೆ ಬೆಳ್ಳಗಾಗಿವೆ. ನನ್ನ ಫೋಟೋವನ್ನೇ ಭಿತ್ತಿಪತ್ರಕ್ಕೆ ಹಾಕಿದ್ದೇವೆ. ಒಂದು ಪ್ರತಿ ಇದರ ಜೊತೆ ಇದೆ.

ಇನ್ನೊಂದು ವಿಷಯ, ಹೇಳದೆ ಇರಲಾರೆ. ವಾನ್ನಾಕ್ ನಿಮ್ಮ ಮನೆಗೆ ಬಂದಿದ್ದನಲ್ಲ? ಅವನು ಹೋದಾಗ ಬಿಳಿ ಲೇಸಿನ ರವಿಕೆಯೊಂದು ನೆರಳಲ್ಲಿ ಒಣಗುತ್ತಿತ್ತಂತೆ. ನೀವು ಅವನಿಗೆ ಎಳನೀರು ಕೊಟ್ಟು, ಮಾತಾಡುತ್ತಲೇ ಅದನ್ನು ತೆಗೆದು ಒಳಗಿಟ್ಟಿರಂತೆ. ಇಲಿ ತಿಂದ ರವಿಕೆಯನ್ನು ಯಾರೂ ತೊಳೆದು ಒಣಗಿಸುವುದಿಲ್ಲ ಚಿಕ್ಕಮ್ಮ.

ನಿಮಗೆ ನಮ್ಮ ಮೇಲೆ ಸಿಟ್ಟಿದ್ದರೆ ಅದು ನ್ಯಾಯವೇ. ನಾವೆಲ್ಲ ನಿಮ್ಮ ರವಿಕೆ ತೊಟ್ಟು, ಬಿಚ್ಚಿಕೊಟ್ಟು, ವಿಮಾನ ಹತ್ತಿ ಬಂದೆವು. ನಿಮ್ಮ ವಲಸೆಯ ಅರ್ಜಿಯನ್ನು ಮಾತ್ರ ತಿರಸ್ಕರಿಸಿದರು. ಬಂದ ಮೇಲೆ ಒಬ್ಬರೂ ನಿಮಗೊಂದು ಕಾಗದ ಹಾಕಲಿಲ್ಲ. ಈಗ ಬೇಕಾದಾಗ ರವಿಕೆ ಕೇಳುತ್ತಿದ್ದೇನೆ. ನೀವು ಬಯ್ದರೂ ಕೇಳಿಸಿಕೊಳ್ಳುತ್ತೇನೆ, ಸುಳ್ಳು ಮಾತ್ರ ಹೇಳಬೇಡಿ.

ಥಾವ್ರಿ

*

ಬಟ್ಟಂಬಾಂಗ್
3 ಮಾರ್ಚ್ 2007

ಥಾವ್ರಿ,

ನೂಲು ಎಲ್ಲಿ?

ಭಿತ್ತಿಪತ್ರವನ್ನು ಬೆಳಕಿಗೆ ಹಿಡಿದು, ಎರಡೂ ಕನ್ನಡಕ ಹಾಕಿ ನೋಡಿದೆ. ಕೊರಳಪಟ್ಟಿಯ ಎಡಗಡೆ, ಗುಂಡಿಯ ಪಕ್ಕ, ಮೀನಿನ ಮುಳ್ಳಿನ ಹಾಗೆ ಕೆಂಪು ಹೊಲಿಗೆ ಇರಬೇಕಿತ್ತು. ಅಲ್ಲಿ ಏನೂ ಇಲ್ಲ. ನಿನ್ನ ವುತ್ಥಿ ಅದನ್ನು ಎಲೆಯಡಿಕೆಯ ಕಲೆ ಅಂದುಕೊಂಡಿರಬೇಕು. ಉಳಿದ ಫೋಟೋಗಳಲ್ಲೂ ಅಳಿಸಿದ್ದಾನೆಯೇ? ಎಲ್ಲದರಲ್ಲೂ?

ಮೂರು ದಿನ ಮಿಷನ್ನು ತುಳಿಯಲಿಲ್ಲ. ಈಗ ಹೇಳದೆ ವಿಧಿಯಿಲ್ಲ.

ನನಗೆ ಸಿಟ್ಟಿಲ್ಲ. ನನ್ನ ಅರ್ಜಿಯನ್ನು ಯಾರೂ ತಿರಸ್ಕರಿಸಲಿಲ್ಲ, ನಾನು ಹಾಕಲೇ ಇಲ್ಲ. ನಾನು ಅಮೆರಿಕಕ್ಕೆ ಹೋದರೆ ಅವಳು ಬಟ್ಟಂಬಾಂಗಿಗೆ ಬಂದು ಯಾರ ಮನೆಯ ಬಾಗಿಲು ತಟ್ಟಬೇಕು?

ಆ ರವಿಕೆ ನನ್ನ ಮಗಳು ಮೊಲಿಕಾ ಹೊಲಿದದ್ದು. ಹದಿನಾರು ವರ್ಷ ಅವಳಿಗೆ. ಪೂರ್ತಿ ತಾನೇ ಕತ್ತರಿಸಿ ತಾನೇ ಹೊಲಿದ ಮೊದಲ ಬಟ್ಟೆ. ಕೊನೆಗೆ ಕೊರಳಪಟ್ಟಿ ಕತ್ತರಿಗೆ ಸಿಕ್ಕಿ ಹರಿಯಿತು. ಬಿಳಿ ನೂಲು ಮುಗಿದಿತ್ತು. ಪೇಟೆಗೆ ಹೋಗಿ ತರುವಷ್ಟು ತಾಳ್ಮೆ ಅವಳಿಗೆ ಎಲ್ಲಿಂದ ಬರಬೇಕು, ಕೈಗೆ ಸಿಕ್ಕ ಕೆಂಪು ನೂಲಲ್ಲಿ ಹೊಲಿದುಬಿಟ್ಟಳು. "ಬಿಚ್ಚಿ ಬಿಳಿ ನೂಲಲ್ಲಿ ಹೊಲಿ, ಇದೇನು ಗಾಯದ ಹಂಗೆ ಕಾಣ್ತದೆ" ಅಂದೆ. ನಾಳೆ ಮಾಡುತ್ತೇನೆ ಅಂದಳು. ಅದು 1975. ಆ ವಾರವೇ ಕಪ್ಪು ಬಟ್ಟೆಯ ಕ್ರಾಂತಿಯವರು ಬಂದೂಕು ಹಿಡಿದು ಬಂದು ಊರನ್ನೇ ಖಾಲಿ ಮಾಡಿಸಿದರು. ಮುಂದಿನ ವರ್ಷ ಅವಳನ್ನು ಹುಡುಗಿಯರ ದಳಕ್ಕೆ ಸೇರಿಸಿ ಪರ್ಸತ್ ಕಡೆ ಕಾಲುವೆ ತೋಡಲು ಕರೆದುಕೊಂಡು ಹೋದರು. ಅಷ್ಟೇ. ಆಮೇಲೆ ನಾನು ಅವಳನ್ನು ನೋಡಿಲ್ಲ. ಕಪ್ಪಲ್ಲದ ಬಟ್ಟೆ ಇಟ್ಟುಕೊಳ್ಳುವುದೇ ಅಪರಾಧವಾಗಿದ್ದ ಕಾಲದಲ್ಲಿ ಅದನ್ನು ಹೊಟ್ಟಿನ ದಿಂಬಿನೊಳಗೆ ತುಂಬಿ ತಲೆಯ ಕೆಳಗೆ ಇಟ್ಟುಕೊಂಡೆ.

ಅವರ ಆಳ್ವಿಕೆ ಮುಗಿದು ಗಡಿ ದಾಟಿದ ಮೇಲೆ ಶಿಬಿರದಲ್ಲಿ ಮದುವೆಗಳು ಶುರುವಾದವು. ಮದುವೆಯಾದ ಹುಡುಗಿಯರೆಲ್ಲ ಫೋಟೋ ತೆಗೆಸಿ ಸಿಕ್ಕ ಸಿಕ್ಕ ದೇಶದ ನೆಂಟರಿಗೆ ಕಳಿಸುತ್ತಿದ್ದರು. ಆಗ ನನಗೆ ಹೊಳೆಯಿತು. ಅವಳು ಎಲ್ಲಾದರೂ ಇದ್ದು, ಯಾರದೋ ಮನೆಯ ಗೋಡೆಯಲ್ಲಿ ಈ ರವಿಕೆ ನೋಡಿದರೆ, ಕೆಂಪು ಹೊಲಿಗೆ ಕಂಡ ಕೂಡಲೇ ಗೊತ್ತಾಗುತ್ತದೆ. ಯಾರು ಕೊಟ್ಟದ್ದು ಎಂದು ಕೇಳುತ್ತಾಳೆ. ನಾನು ಬದುಕಿದ್ದೇನೆ ಎಂದು ತಿಳಿಯುತ್ತದೆ. ಅದಕ್ಕೇ ನಿಮ್ಮೆಲ್ಲರ ಕೂದಲು ಎಳೆದು ಕಟ್ಟಿದ್ದು, ಅದಕ್ಕೇ ಕತ್ತು ಎತ್ತು ಅಂದದ್ದು. ನಿಮ್ಮ ಮುಖ ನನಗೆ ಬೇಕಿರಲಿಲ್ಲ.

ಇದನ್ನು ಆಗ ಹೇಳಿದ್ದರೆ ನೀನು ತೊಡುತ್ತಿದ್ದೆಯಾ? ತೀರಿಕೊಂಡವರ ಬಟ್ಟೆಯಲ್ಲಿ ಮದುವೆಯಾಗಲು ಯಾರು ಒಪ್ಪುತ್ತಾರೆ? ಇದ್ದಾಳೋ ಇಲ್ಲವೋ ಗೊತ್ತಿಲ್ಲದವಳದು ಇನ್ನೂ ಕೆಟ್ಟದ್ದು. ಅದಕ್ಕೇ ಥಾಯ್ ವ್ಯಾಪಾರಿಯನ್ನು ಹುಟ್ಟಿಸಿದೆ.

ನನಗೆ ಈಗ ಎಪ್ಪತ್ತು ದಾಟಿತು. ಪ್ರತಿ ವರ್ಷ ಪ್ಚುಮ್ ಬೆನ್ ಬರುತ್ತದೆ, ಹದಿನೈದು ದಿನ ವಿಹಾರದಲ್ಲಿ ಹಿರಿಯರಿಗೆ ಪಿಂಡ ಇಡುತ್ತೇವೆ, ತೀರಿಕೊಂಡವರ ಹೆಸರು ಕೂಗಿಸುತ್ತೇವೆ. ಗಂಡನ ಹೆಸರು ಕೂಗಿಸುತ್ತೇನೆ, ತಾಯಿಯದು ಕೂಗಿಸುತ್ತೇನೆ, ಅವಳದು ಬಂದಾಗ ಬಾಯಿ ಮುಚ್ಚಿಕೊಳ್ಳುತ್ತೇನೆ. ಬದುಕಿರುವವಳ ಹೆಸರನ್ನು ಸತ್ತವರ ಜೊತೆ ಕೂಗಿದರೆ ಅವಳ ಆಯುಷ್ಯಕ್ಕೆ ಕೇಡು. ಹೋಗಿಬಿಟ್ಟಿದ್ದರೆ, ನಾನು ಕೂಗದೆ ಅವಳು ತನ್ನ ಪಿಂಡ ಹುಡುಕಿ ಏಳು ವಿಹಾರ ಸುತ್ತಿ ಹಸಿದುಕೊಂಡು ವಾಪಸು ಹೋಗುತ್ತಾಳೆ. ನಾನು ಸತ್ತರೆ ಆಮೇಲೆ ಕೂಗುವವರು ಯಾರೂ ಇಲ್ಲ. ಎರಡರಲ್ಲಿ ಒಂದು ನನಗೆ ಗೊತ್ತಾಗಬೇಕು, ಥಾವ್ರಿ. ಯಾವುದಾದರೂ ಸರಿ.

ಫೋಟೋಗಳಲ್ಲಿ ನೂಲನ್ನು ವಾಪಸು ತಾ.

ಕಿಮ್ಲಿಯಾಂಗ್

*

ಬಟ್ಟಂಬಾಂಗ್
20 ಮೇ 2007

ಥಾವ್ರಿ,

ಹೊಸವರ್ಷ ಬಂದು ಹೋಯಿತು. ನಿನ್ನಿಂದ ಒಂದು ಸಾಲೂ ಇಲ್ಲ.

ನಿನಗೆ ಕೋಪ ಬಂದಿದೆ, ಗೊತ್ತು. ಇಲ್ಲದವಳ ರವಿಕೆ ತೊಟ್ಟದ್ದಕ್ಕೇ ಗಂಡ ಬಿಟ್ಟುಹೋದ ಎಂದು ಲೆಕ್ಕ ಹಾಕಿಕೊಂಡು ಕೂತಿದ್ದೀಯ. ಅದೇ ರವಿಕೆ ತೊಟ್ಟ ಹುವೋಯ್‌ಗೆ ಗಂಡ ಇಂದಿಗೂ ಕಾಲು ಒತ್ತುತ್ತಾನೆ ಎಂದು ನೀನೇ ಬರೆದಿದ್ದೆ. ತಪ್ಪು ರವಿಕೆಯದಲ್ಲ, ನಿನ್ನ ಗಂಡನದು.

ಆದರೂ ನಿನ್ನನ್ನು ಕೇಳದೆ ನಿನ್ನ ಕೊರಳನ್ನು ನನ್ನ ಕೆಲಸಕ್ಕೆ ಬಳಸಿಕೊಂಡೆ. ಬೈಯುವುದಿದ್ದರೆ ಬೈದು ಬರಿ. ಸುಮ್ಮನಿರಬೇಡ.

ಕಿಮ್ಲಿಯಾಂಗ್

*

ಲೋವೆಲ್
17 ಜೂನ್ 2007

ಪ್ರೀತಿಯ ಚಿಕ್ಕಮ್ಮ,

ಕೋಪವಲ್ಲ, ಖಂಡಿತ ಅಲ್ಲ. ಕೆಲಸದ ಗಡಿಬಿಡಿಯಲ್ಲಿ ಬರೆಯಲಾಗಲಿಲ್ಲ, ಕ್ಷಮಿಸಿ.

ನಿಮ್ಮ ಮಾರ್ಚಿನ ಪತ್ರ ಬಂದ ದಿನವೇ ಕಾರ್ಖಾನೆಗೆ ರಜೆ ಹಾಕಿ ಮತ್ತೆ ಮನೆಮನೆಗೆ ಹೋದೆ. ಚೊಕ್ಕ ಮಾಡಿದ ಚಿತ್ರ ಬೇಡ, ಮೂಲ ಫೋಟೋವೇ ಬೇಕು ಎಂದು ಕೇಳಿದೆ. ಬಂಗಾರದ ಸರವಿಲ್ಲದ್ದು, ಆಂಗ್ಕೋರ್ ಇಲ್ಲದ್ದು. ಯಾರೂ ಕೊಡಲು ತಯಾರಿರಲಿಲ್ಲ. ಕೊನೆಗೆ ಹುವೋಯ್ ಮನೆಯಲ್ಲಿ ಎಲ್ಲರನ್ನೂ ಸೇರಿಸಿ ನಿಮ್ಮ ಪತ್ರವನ್ನು ಓದಿ ಹೇಳಿದೆ. ನಿಮ್ಮನ್ನು ಕೇಳದೆ ಓದಿದೆ, ಅದಕ್ಕೂ ಕ್ಷಮಿಸಿ. ಓದಿ ಮುಗಿಸಿದ್ದೇ ತಡ, ಹುವೋಯ್ ಎದ್ದು ಒಳಗೆ ಹೋಗಿ, ಬುದ್ಧನ ಪಟದ ಹಿಂದೆ ಸಿಕ್ಕಿಸಿಟ್ಟಿದ್ದ ಮೂಲ ಫೋಟೋ ತಂದು ಮೇಜಿನ ಮೇಲೆ ಇಟ್ಟಳು. ಮೊಮ್ಮಗನ ಕಡೆ ತಿರುಗಿ, "ಇದು ನಮ್ಮಮ್ಮಂದಲ್ಲ ಕಣೋ, ಎರವಲು. ಕಾಲಿಗೆ ಚಪ್ಪಲಿ ಕೂಡ ಇರ್ಲಿಲ್ಲ" ಅಂದಳು. ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ತಂದುಕೊಟ್ಟರು.

ಪ್ರದರ್ಶನ ಚೆನ್ನಾಗಿ ನಡೆಯಿತು. ಹೊಸವರ್ಷದ ದಿನ ಬಾಗಿಲ ಹೊರಗೂ ಜನ ನಿಂತಿದ್ದರು. ಅನ್ಸಾಮ್ ಕಡುಬು ಸಾಲದೆ ಎರಡನೇ ಸಲ ಬೇಯಿಸಿದೆವು. ಪ್ರಾವಿಡೆನ್ಸಿನಿಂದ, ಲಿನ್ನಿನಿಂದ, ಕೆನಡಾದಿಂದಲೂ ಬಂದಿದ್ದರು. ಇಲ್ಲಿಯ ಪತ್ರಿಕೆಯಲ್ಲಿ ಬರೆದರು. ಶಾಲೆಗಳಿಂದ ಮಕ್ಕಳನ್ನು ಕರೆತಂದರು. ಮಕ್ಕಳು ಅಜ್ಜಿಯರ ಬರಿಗಾಲು ನೋಡಿ ನಕ್ಕರು, ಅಜ್ಜಿಯರೂ ನಕ್ಕರು. ಮುಂದಿನ ವರ್ಷ ಕೋಣೆಯನ್ನು ಇನ್ನೂ ದೊಡ್ಡದು ಮಾಡಿಕೊಡುತ್ತಾರಂತೆ. ವುತ್ಥಿ ನಿಮ್ಮ ಕ್ಷಮೆ ಕೇಳಿದ್ದಾನೆ. ಇಲ್ಲಿ ಹವೆ ಈಗ ಬೆಚ್ಚಗಾಗಿದೆ, ಅಂಗಳದಲ್ಲಿ ನಿಂಬೆಹುಲ್ಲು ಚಿಗುರಿದೆ.

ನಿಮ್ಮ ಆರೋಗ್ಯ ಹೇಗಿದೆ? ಮಳೆಗಾಲ ಶುರುವಾಗಿರಬೇಕು. ಹೊಳೆಯ ನೀರು ಏರಿದರೆ ಮಿಷನ್ನನ್ನು ಮೇಲೆ ಎತ್ತಿಸಿಕೊಳ್ಳಿ, ನೀವೇ ಎತ್ತಲು ಹೋಗಬೇಡಿ. ಕಣ್ಣಿನ ವೈದ್ಯರಿಗೆ ತೋರಿಸಿ.

ನಿಮ್ಮ ಪ್ರೀತಿಯ
ಥಾವ್ರಿ

*

ಬಟ್ಟಂಬಾಂಗ್
25 ಜುಲೈ 2007

ಥಾವ್ರಿ,

ನಿನ್ನ ಪತ್ರವನ್ನು ಸಾಕಷ್ಟು ಸಲ ಓದಿದೆ. ಕಡುಬಿನ ವಿಷಯ ಇದೆ, ಪತ್ರಿಕೆಯ ವಿಷಯ ಇದೆ, ನಿಂಬೆಹುಲ್ಲಿನ ವಿಷಯವೂ ಇದೆ. ನಾನು ಕೇಳಿದ್ದು ಮಾತ್ರ ಇಲ್ಲ.

ನಾನು ಬಟ್ಟೆ ಕತ್ತರಿಸಿ ಬದುಕಿದವಳು. ಎಲ್ಲಿಂದ ತುಂಡು ತೆಗೆದಿದ್ದಾರೆ ಎಂದು ಉಳಿದ ಬಟ್ಟೆ ನೋಡಿದರೆ ನನಗೆ ಗೊತ್ತಾಗುತ್ತದೆ. ಸುದ್ದಿ ಏನೂ ಇಲ್ಲದಿದ್ದರೆ ನೀನು, "ಚಿಕ್ಕಮ್ಮ, ಯಾರೂ ಸಿಗಲಿಲ್ಲ, ಆಸೆ ಬಿಡಬೇಡಿ" ಎಂದು ಬರೆಯುತ್ತಿದ್ದೆ. ಆಸೆಯ ಮಾತನ್ನೇ ನೀನು ಎತ್ತಿಲ್ಲ. ಅವಳು ಬದುಕಿದ್ದರೆ ನೀನು ಪತ್ರ ಬರೆಯುವಷ್ಟು ತಾಳುತ್ತಿರಲಿಲ್ಲ, ಪಕ್ಕದ ಅಂಗಡಿಯ ಟೆಲಿಫೋನಿಗೆ ಕರೆ ಮಾಡುತ್ತಿದ್ದೆ. ಮೊದಲ ಸಲ "ಪ್ರೀತಿಯ" ಎಂದು ಬೇರೆ ಶುರುಮಾಡಿದ್ದೀಯ.

ಯಾರೋ ಬಂದಿದ್ದರು. ಯಾರು, ಏನು ಹೇಳಿದರು, ಬಿಡದೆ ಬರಿ. ನನ್ನ ಎದೆ ಒಡೆಯುತ್ತದೆ ಅಂತ ಹೆದರಬೇಡ. ಒಡೆಯುವ ಕಾಲಕ್ಕೇ ಒಡೆಯದೆ ಉಳಿದದ್ದು ಅದು.

ಅಕ್ಟೋಬರ್ ಹತ್ತಿರ ಪ್ಚುಮ್ ಬೆನ್. ಅಷ್ಟರೊಳಗೆ ನನಗೆ ಗೊತ್ತಾಗಬೇಕು. ನೀನು ನನ್ನ ಮೇಲಿನ ಕನಿಕರಕ್ಕೆ ಬಾಯಿ ಮುಚ್ಚಿಕೊಂಡರೆ ಅವಳು ಈ ವರ್ಷವೂ ಹಸಿದಿರುತ್ತಾಳೆ.

ಕಿಮ್ಲಿಯಾಂಗ್

*

ಲೋವೆಲ್
19 ಆಗಸ್ಟ್ 2007

ಚಿಕ್ಕಮ್ಮ,

ಹೌದು, ಒಬ್ಬರು ಬಂದಿದ್ದರು. ನಿಮಗೆ ಬರೆಯಲು ಎಷ್ಟೋ ಸಲ ಕೂತೆ. ನಿಮ್ಮ ಆಸೆಯನ್ನು ನನ್ನ ಕೈಯಾರೆ ಮುಗಿಸಲು ನನಗೆ ಧೈರ್ಯ ಸಾಲಲಿಲ್ಲ. ಈಗ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಪ್ರದರ್ಶನ ಶುರುವಾದ ಮರುದಿನ ಲಿನ್ನಿನಿಂದ ಫಾನ್ನಾ ಎಂಬ ಹೆಂಗಸು ಬಂದಳು. ಮೀನು ಹೆಚ್ಚುವ ಕಾರ್ಖಾನೆಯಲ್ಲಿ ಕೆಲಸ. ಒಂದು ಸುತ್ತು ಸುಮ್ಮನೆ ನೋಡಿದಳು. ಹುವೋಯ್ ಫೋಟೋದ ಹತ್ತಿರ ನಿಂತವಳು ಮುಂದೆ ಹೋಗಲೇ ಇಲ್ಲ. ನಾವು ನೂಲಿನ ಬಗ್ಗೆ ಗೋಡೆಯ ಮೇಲೆ ಏನೂ ಬರೆದಿರಲಿಲ್ಲ, ಚಿತ್ರ ಮಾತ್ರ ಇತ್ತು. ನಾನು ಹತ್ತಿರ ಹೋಗಿ ಏನಮ್ಮ ಅಂದೆ. ಗಾಜಿನ ಮೇಲೆ ಬೆರಳಿಟ್ಟು, "ಇದು ಮೊಲಿಕಾ ರವಿಕೆ ಅಲ್ವಾ?" ಅಂದಳು. ಅವಳನ್ನು ಕುರ್ಚಿಯಲ್ಲಿ ಕೂರಿಸಿ ಎಲ್ಲ ಕೇಳಿದೆ.

ಅವಳೂ ಮೊಲಿಕಾಳೂ ಒಂದೇ ದಳದಲ್ಲಿದ್ದರು. ಕಾಲುವೆಯ ಕೆಲಸ ಮುಗಿದು ಮಲಗಿದ ಮೇಲೆ ಹುಡುಗಿಯರು ಪಿಸುಮಾತಿನಲ್ಲಿ ಊಟದ ಮಾತು, ಬಟ್ಟೆಯ ಮಾತು ಆಡುತ್ತಿದ್ದರಂತೆ. ಮೊಲಿಕಾ ಹೇಳುತ್ತಿದ್ದದ್ದು ಯಾವಾಗಲೂ ಇದೊಂದೇ ಕಥೆ. ಕತ್ತರಿಗೆ ಸಿಕ್ಕದ್ದು, ಕೆಂಪು ನೂಲು, ನೀವು ಬೈದದ್ದು. ನಿಮ್ಮ ದನಿಯನ್ನು ಅಣಕಿಸಿ ತೋರಿಸುತ್ತಿದ್ದಳಂತೆ. ಗಾಯದ ಹಂಗೆ ಕಾಣ್ತದೆ ಅನ್ನುವ ಮಾತಿಗೆ ಎಲ್ಲರೂ ಬಾಯಿಗೆ ಬಟ್ಟೆ ತುರುಕಿಕೊಂಡು ನಗುತ್ತಿದ್ದರಂತೆ. ಆ ಮಾತನ್ನು ಫಾನ್ನಾ ನನ್ನ ಮುಂದೆ ಹೇಳಿದಾಗ ನನಗೆ ಇನ್ನು ಅನುಮಾನ ಉಳಿಯಲಿಲ್ಲ. ನಿಮ್ಮ ಹೆಸರನ್ನೂ ಅವಳೇ ಹೇಳಿದಳು.

1977ರ ಮಳೆಗಾಲದಲ್ಲಿ ಮೊಲಿಕಾಗೆ ಜ್ವರ ಬಂತು. ಔಷಧಿ ಇರಲಿಲ್ಲ. ಯಾರೂ ಅವಳನ್ನು ಹೊಡೆಯಲಿಲ್ಲ, ಎಳೆದುಕೊಂಡು ಹೋಗಲಿಲ್ಲ. ಒಬ್ಬಳೇ ಸಾಯಲಿಲ್ಲ ಚಿಕ್ಕಮ್ಮ, ಫಾನ್ನಾ ಪಕ್ಕದಲ್ಲಿದ್ದಳು. ಅವಳೂ ಇನ್ನೊಬ್ಬಳೂ ಚಾಪೆಯಲ್ಲಿ ಸುತ್ತಿ, ಕಾಲುವೆಯ ದಂಡೆಯ ಮೇಲೆ ಹುಣಸೆಮರದ ಕೆಳಗೆ ಮಣ್ಣು ಮಾಡಿದರು. ಕೊನೆಯ ದಿನಗಳಲ್ಲೂ ರವಿಕೆಯ ಮಾತೇ ಆಡುತ್ತಿದ್ದಳಂತೆ. "ಮನೆಗೆ ಹೋದ್ ತಕ್ಷಣ ಬಿಚ್ಚಿ ಬಿಳಿ ನೂಲಲ್ಲಿ ಹೊಲೀತೀನಿ. ಇಲ್ಲಾಂದ್ರೆ ನಮ್ಮಮ್ಮ ಬಿಡಲ್ಲ" ಅನ್ನುತ್ತಿದ್ದಳಂತೆ.

ಫಾನ್ನಾ ಇಷ್ಟು ವರ್ಷ ಪ್ಚುಮ್ ಬೆನ್ ದಿನ ಇಲ್ಲಿಯ ವಿಹಾರದಲ್ಲಿ ಅವಳ ಹೆಸರಲ್ಲಿ ಒಂದು ಪಿಂಡ ಇಡುತ್ತಿದ್ದಾಳೆ. ಮೊಲಿಕಾಳ ಮನೆಯವರು ಯಾರೂ ಉಳಿದಿಲ್ಲ ಅಂದುಕೊಂಡಿದ್ದಳು. ಆದ್ದರಿಂದ ಮೊಲಿಕಾ ಪೂರ್ತಿ ಹಸಿದಿರಲಿಲ್ಲ. ಇದನ್ನು ನಿಮಗೆ ಹೇಳದೆ ಇಟ್ಟುಕೊಂಡದ್ದು ನನ್ನ ತಪ್ಪು.

ನಿಮ್ಮ ಹತ್ತಿರ ಇರಬೇಕಿತ್ತು ಅನಿಸುತ್ತಿದೆ. ಅಳು ಬರುತ್ತಿದೆ, ಇಲ್ಲಿಗೆ ನಿಲ್ಲಿಸುತ್ತೇನೆ.

ಥಾವ್ರಿ

*

ಬಟ್ಟಂಬಾಂಗ್
15 ಅಕ್ಟೋಬರ್ 2007

ಥಾವ್ರಿ,

ನಿನ್ನ ಪತ್ರ ಸಮಯಕ್ಕೆ ಬಂತು. ನೀನು ಬರೆದದ್ದು ಒಳ್ಳೆಯದಾಯಿತು. ಎಂಟು ದಿನ ಚೆನ್ನಾಗಿ ಅತ್ತೆ. ಪಕ್ಕದ ಮನೆಯವರು ಗಂಜಿ ತಂದುಕೊಟ್ಟರು. ಆಮೇಲೆ ಎದ್ದು ಅಕ್ಕಿ ನೆನೆಹಾಕಿದೆ.

ವಿಹಾರದಲ್ಲಿ ಹೆಸರು ಕೂಗುವ ಆಚಾರ್ಯರ ಹತ್ತಿರ ಹೋಗಿ ಹೊಸದೊಂದು ಹೆಸರು ಸೇರಿಸಬೇಕು ಅಂದೆ. ಯಾರದು ಎಂದರು. ಚಾನ್ ಮೊಲಿಕಾ, ನನ್ನ ಮಗಳು ಅಂದೆ. "ಯಾವಾಗ ತೀರ್ಕೊಂಡ್ಲಮ್ಮ?" ಎಂದು ಕೇಳಿದರು. ಮೂವತ್ತು ವರ್ಷವಾಯಿತು ಅಂದೆ. ಅವರು ನನ್ನ ಮುಖ ನೋಡಿ, "ಇಷ್ಟು ದಿನ ಏನ್ ಮಾಡ್ತಿದ್ದೆ?" ಅಂದರು. "ಕಾಯ್ತಿದ್ದೆ" ಅಂದೆ. ಪಟ್ಟಿಯಲ್ಲಿ ಹೆಸರು ಬರೆದುಕೊಂಡರು. ಮೈಕಿನಲ್ಲಿ ಅವಳ ಹೆಸರನ್ನು ಸ್ಪಷ್ಟವಾಗಿ ಕೂಗಿದರು. ಅಷ್ಟು ವರ್ಷದ ಮೇಲೆ ಅವಳ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದೆ. ನಸುಕಿನಲ್ಲಿ ವಿಹಾರ ಸುತ್ತುತ್ತಾ, ಎಳ್ಳು ಹಾಕಿದ ಪಿಂಡವನ್ನು ಕತ್ತಲೊಳಗೆ ಎಲ್ಲರಿಗಿಂತ ಮೊದಲು ಅವಳಿಗೆ ಎಸೆದೆ, ಆಮೇಲೆ ಅವಳ ಅಪ್ಪನಿಗೆ. ಅವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಫಾನ್ನಾಗೆ ಹೇಳು, ಅವಳು ಇಡುವುದನ್ನು ನಿಲ್ಲಿಸುವುದು ಬೇಡ. ಎರಡು ಕಡೆ ಊಟ ಸಿಕ್ಕರೆ ಮೊಲಿಕಾ ಬೇಡ ಅನ್ನುವವಳಲ್ಲ. ಮಳೆ ಕಡಿಮೆಯಾದ ಮೇಲೆ ಆ ಹುಣಸೆಮರ ಹುಡುಕಿಕೊಂಡು ಹೋಗುತ್ತೇನೆ. ದಾರಿ ಎಲ್ಲಿಂದ ಎಂದು ಅವಳನ್ನು ಕೇಳಿ ಬರಿ.

ವಾನ್ನಾಕನ ಮಾವ ಅಮೆರಿಕಕ್ಕೆ ಹೊರಟಿದ್ದಾರೆ. ಅವರ ಕೈಯಲ್ಲಿ ರವಿಕೆ ಕಳಿಸುತ್ತಿದ್ದೇನೆ. ಅವಳು ಬಂದು ಕೇಳಿದರೆ ಕೊಡಬೇಕಲ್ಲ ಎಂದು ಇಷ್ಟು ದಿನ ಇಟ್ಟುಕೊಂಡಿದ್ದೆ. ಇನ್ನು ಇಲ್ಲಿ ಅದಕ್ಕೆ ಕೆಲಸವಿಲ್ಲ. ನಿನ್ನ ಗಾಜಿನ ಪೆಟ್ಟಿಗೆಯಲ್ಲಿ ಇಡು. ಅದರ ಕೆಳಗೆ ನನ್ನ ಹೆಸರು ಬೇಡ, ತೊಟ್ಟವರ ಹೆಸರೂ ಬೇಡ. ಚಾನ್ ಮೊಲಿಕಾ ಹದಿನಾರನೇ ವಯಸ್ಸಿನಲ್ಲಿ ಹೊಲಿದದ್ದು ಎಂದು ಬರೆಸು. ಸಾಕು.

ಕಳಿಸುವ ಮೊದಲು ಸೂಜಿಗೆ ಬಿಳಿ ನೂಲು ಪೋಣಿಸಿಕೊಂಡು ಕೂತೆ. ಅವಳು ಮಾಡುತ್ತೇನೆ ಅಂದ ಕೆಲಸ, ನಾನಾದರೂ ಮುಗಿಸಿ ಕೊಡೋಣ ಎಂದು. ಕನ್ನಡಕ ಹಾಕಿಕೊಂಡು ಕೊರಳಪಟ್ಟಿಯನ್ನು ಬೆಳಕಿಗೆ ಹಿಡಿದು ಸರಿಯಾಗಿ ನೋಡಿದೆ. ನೀವು ಅಷ್ಟೊಂದು ಹುಡುಗಿಯರು ತೊಟ್ಟು ಎಳೆದಾಡಿದರೂ ಒಂದು ಎಳೆ ಸಡಿಲವಾಗಿಲ್ಲ. ಹೊಲಿಗೆ ಚೆನ್ನಾಗಿಯೇ ಇದೆ. ಬಿಚ್ಚಲಿಲ್ಲ.

ಕಿಮ್ಲಿಯಾಂಗ್